ಹಿಂದಿನ ಚಕ್ರ

ನಮ್ಮ ಮನೆಯ ಚಾವಡಿಯ ಗೋಡೆಯಲ್ಲಿ ಎರಡು ಮೊಳೆಗಳಿದ್ದವು. ಚಿಕ್ಕದರಲ್ಲಿ ಕ್ಯಾಲೆಂಡರ್ ತೂಗುತ್ತಿತ್ತು. ದೊಡ್ಡದನ್ನು ಅಪ್ಪಯ್ಯ ತಾನು ಕೆಲಸ ಮಾಡುತ್ತಿದ್ದ ಅಕ್ಕಿ ಗಿರಣಿಯಿಂದ ತಂದು ಹೊಡೆದಿದ್ದ. ಅದು ಖಾಲಿ ಇದ್ದರೆ ಮನೆಯಲ್ಲಿ ಎಲ್ಲವೂ ಸರಿಯಿದೆ ಎಂದರ್ಥ. ಅಮ್ಮನ ಸೈಕಲ್ಲಿನ ಹಿಂದಿನ ಚಕ್ರ ಅದರಲ್ಲಿ ತೂಗುತ್ತಿದ್ದರೆ ಅಮ್ಮ ಏನೋ ತಪ್ಪು ಮಾಡಿದ್ದಾಳೆ ಎಂದರ್ಥ. ಬೆಳಿಗ್ಗೆ ಎದ್ದವಳೇ ನಾನು ದೇವರ ಪಟವನ್ನಾಗಲಿ ಅಂಗೈಯನ್ನಾಗಲಿ ನೋಡುತ್ತಿರಲಿಲ್ಲ, ಆ ಮೊಳೆಯನ್ನು ನೋಡುತ್ತಿದ್ದೆ. ಬಂದ ನೆಂಟರು ಯಾಕೆ ಚಕ್ರ ಇಲ್ಲಿದೆ ಎಂದು ಕೇಳಿದರೆ ಅಪ್ಪಯ್ಯ ಪಂಕ್ಚರ್ ಆಗಿದೆ ಎಂದು ನಗುತ್ತಿದ್ದ. ಅಮ್ಮ ಅವರಿಗೆ ಕಾಫಿ ಲೋಟ ಕೊಡುತ್ತ ತಾನೂ ನಗುತ್ತಿದ್ದಳು. ಆ ಎರಡು ನಗುಗಳ ನಡುವೆ ನಾನು ಬೆಳೆದೆ.

ಬಾಳಗಡಿ ದಾಟಿ ಒಳಗೆ ಹೋಗುವ ಮಣ್ಣುರಸ್ತೆಯಲ್ಲಿ, ಒಂದು ಏರಿನ ತಲೆಯ ಮೇಲೆ ನಮ್ಮ ಮನೆ. ಮುಂದೆ ಸಗಣಿ ಸಾರಿಸಿದ ಅಂಗಳ, ಚಾವಡಿ, ಅದರ ಒಳಗೆ ಅಪ್ಪಯ್ಯನ ಕೋಣೆ, ಆಮೇಲೆ ಹೊಗೆ ಹಿಡಿದ ಅಡಿಗೆಮನೆ, ಹಿಂದೆ ಬಚ್ಚಲು. ಅಪ್ಪಯ್ಯ, ಅಮ್ಮ, ಅಪ್ಪಯ್ಯನ ತಾಯಿ ಅಜ್ಜಿ, ನಾನು, ಇಷ್ಟೇ ಜನ. ಅಪ್ಪಯ್ಯ ಕೈ ಎತ್ತಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ದನಿಯನ್ನೂ ಎತ್ತುತ್ತಿರಲಿಲ್ಲ. ಕೊಪ್ಪದ ಪೇಟೆಯಲ್ಲಿ ಯಾರನ್ನು ಕೇಳಿದರೂ ಗಿರಣಿ ಮ್ಯಾನೇಜರು ಬಲು ಸಾಧು ಮನುಷ್ಯ ಎನ್ನುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ ಅಪ್ಪಯ್ಯ ಹೇಳುತ್ತಿರಲಿಲ್ಲ. ಕಲಸಿದ ಅನ್ನಕ್ಕೆ ಲೋಟದ ನೀರನ್ನು ಮೆಲ್ಲಗೆ ಸುರಿದುಕೊಂಡು, ಆ ಕಲಗಚ್ಚಿನಂಥದ್ದನ್ನು ತುತ್ತು ತುತ್ತಾಗಿ, ಒಂದು ಅಗುಳೂ ಬಿಡದೆ ಉಣ್ಣುತ್ತಿದ್ದ. ಅವನು ಮುಗಿಸುವವರೆಗೆ ನಾವು ಯಾರೂ ಏಳುವಂತಿರಲಿಲ್ಲ. ಅಮ್ಮ ತನ್ನ ತಪ್ಪು ಅವನ ಗಂಟಲಲ್ಲಿ ಇಳಿಯುವುದನ್ನು ನೋಡುತ್ತ ಸಟ್ಟುಗ ಹಿಡಿದು ನಿಂತಿರುತ್ತಿದ್ದಳು. ಇವತ್ತಿಗೂ, ನರಸಿಂಹರಾಜಪುರದ ನನ್ನ ಮನೆಯಲ್ಲಿ ಯಾರಾದರೂ ಕೂಗಾಡಿದರೆ ನನಗೇನೂ ಅನ್ನಿಸುವುದಿಲ್ಲ. ಮೆಲುದನಿಯಲ್ಲಿ ಮಾತು ಶುರು ಮಾಡಿದರೆ ಮಾತ್ರ ಕೈಕಾಲು ತಣ್ಣಗಾಗುತ್ತವೆ.

ಹಾಗೆಂದು ಅಪ್ಪಯ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ ಎಂದಲ್ಲ. ನಿಜ ಹೇಳಬೇಕೆಂದರೆ ಅಮ್ಮನಿಗಿಂತ ಅವನೇ ಹೆಚ್ಚು ಇಷ್ಟವಾಗಿದ್ದ. ಸ್ಕೂಟರ್ ಸದ್ದು ಏರಿನ ಬುಡದಲ್ಲಿ ಕೇಳಿಸಿದರೆ ಸಾಕು, ನಾನು ಅಂಗಳಕ್ಕೆ ಓಡುತ್ತಿದ್ದೆ. ಶರಟಿನ ಜೇಬಿನಲ್ಲೋ ಡಿಕ್ಕಿಯಲ್ಲೋ ನನಗೆಂದು ಬೇಕರಿಯ ಬನ್ನು ಇರುತ್ತಿತ್ತು. ನನಗೆ ಸೈಕಲ್ ಹೊಡೆಯಲು ಕಲಿಸಿದವನೂ ಅವನೇ. ಭಾನುವಾರ ಅಮ್ಮನ ಸೈಕಲ್ಲಿನ ಮೇಲೆ ನನ್ನನ್ನು ಕೂರಿಸಿ, ಕ್ಯಾರಿಯರ್ ಹಿಡಿದು, ಪಂಚೆ ಎತ್ತಿ ಕಟ್ಟಿಕೊಂಡು ಹಿಂದೆ ಹಿಂದೆ ಓಡುತ್ತಿದ್ದ. ಬೀಳಲು ಬಿಡುತ್ತಿರಲಿಲ್ಲ. 'ಪುಟ್ಟಿ, ಮುಂದೆ ನೋಡು, ನಾನಿದೀನಿ' ಎನ್ನುತ್ತಿದ್ದ. ಆ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ. ಅದೇ ದನಿಯಲ್ಲಿ ಅವನು ಅಮ್ಮನ ಜೊತೆಗೂ ಮಾತಾಡುತ್ತಿದ್ದದ್ದು.

ಸೈಕಲ್ ಅಮ್ಮನ ತವರಿನಿಂದ ಬಂದದ್ದು. ಶೃಂಗೇರಿ ಕಡೆಯ ನೆಮ್ಮಾರಿನಲ್ಲಿದ್ದ ಮಂಜಪ್ಪ ಮಾವ, ಅಮ್ಮನ ಅಣ್ಣ, ಯಾರದೋ ಮನೆಯಲ್ಲಿ ಮೂಲೆ ಹಿಡಿದಿದ್ದ ಲೇಡೀಸ್ ಸೈಕಲ್ಲನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದು ಕೊಟ್ಟಿದ್ದ. ಅಮ್ಮನಿಗೆ ಆಗಷ್ಟೇ ಬಾಳಗಡಿಯ ಬಾಲವಾಡಿಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಕೆಲಸ ಕೊಡಿಸಿದವರು ಗಿರಣಿ ಧಣಿಗಳ ಮನೆಯವರು, ಆದ್ದರಿಂದ ಅಪ್ಪಯ್ಯ ನಾಲ್ಕು ಜನರ ಎದುರಿಗೆ ಸಂತೋಷವಾಗಿ ಒಪ್ಪಿಕೊಂಡ. ಮನೆಯೊಳಗೆ ಒಪ್ಪಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಒಂದು ಸಂಜೆ ಅಮ್ಮ ಯಾವುದೋ ಮಗುವಿನ ತಾಯಿ ಬರುವವರೆಗೆ ಕಾದು, ದೀಪ ಹಚ್ಚುವ ಹೊತ್ತು ಮೀರಿ ಬಂದಳು. ಅಪ್ಪಯ್ಯನ ಕಾಫಿ ತಡವಾಯಿತು. ಅವನು ಮರುದಿನ ಬೆಳಿಗ್ಗೆ ಸ್ನಾನಕ್ಕೆ ಮೊದಲು ಅಂಗಳದಲ್ಲಿ ಗೋಣಿಚೀಲ ಹಾಸಿ, ಸೈಕಲ್ಲನ್ನು ತಲೆಕೆಳಗು ಮಾಡಿ ಸೀಟು ಹ್ಯಾಂಡಲ್ಲುಗಳ ಮೇಲೆ ನಿಲ್ಲಿಸಿದ. ನಾನು ರಿಪೇರಿ ಎಂದುಕೊಂಡು ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತೆ.

ಅವನ ಕೆಲಸ ನೋಡಲು ಚೆನ್ನಾಗಿರುತ್ತಿತ್ತು. ಎರಡೂ ಬದಿಯ ನಟ್ಟುಗಳನ್ನು ಸ್ಪ್ಯಾನರಿನಿಂದ ಒಮ್ಮೆ ಇತ್ತ ಒಮ್ಮೆ ಅತ್ತ ಸ್ವಲ್ಪ ಸ್ವಲ್ಪವೇ ಸಡಿಲಿಸಿದ. ಆಕ್ಸಲ್ ಮೇಲಿನ ವಾಷರ್, ಸ್ಟ್ಯಾಂಡು, ಕ್ಯಾರಿಯರಿನ ಕಾಲು, ಮಡ್‌ಗಾರ್ಡಿನ ಕಡ್ಡಿ, ಒಂದೊಂದನ್ನೇ ಬಿಡಿಸಿ ಬಂದ ಕ್ರಮದಲ್ಲೇ ಚೀಲದ ಮೇಲಿಟ್ಟ. ಚಕ್ರವನ್ನು ಕೊಂಚ ಮುಂದೆ ತಳ್ಳಿ, ಸಡಿಲಾದ ಚೈನನ್ನು ಹಲ್ಲುಗಳಿಂದ ಎತ್ತಿ ಪಕ್ಕಕ್ಕೆ ಸರಿಸಿದ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದಾಗ ಚಕ್ರ ಸದ್ದಿಲ್ಲದೆ ಕಳಚಿ ಬಂತು. ನಟ್ಟು ವಾಷರ್‌ಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಜೇಬಿಗಿಳಿಸಿ, ಚಕ್ರವನ್ನು ಚಾವಡಿಯ ಮೊಳೆಗೆ ನೇತುಹಾಕಿ, ಸೀಗೆಪುಡಿಯಲ್ಲಿ ಕೈ ತೊಳೆದುಕೊಂಡು ಸ್ನಾನಕ್ಕೆ ಹೋದ. ಅಮ್ಮ ಸೀರೆ ಉಟ್ಟು, ಬ್ಯಾಗು ಹಿಡಿದು ಹೊರಗೆ ಬಂದವಳು ಅಂಗಳದಲ್ಲಿ ಕಾಲು ಮೇಲಾಗಿ ಬಿದ್ದ ಸೈಕಲ್ಲನ್ನು ನೋಡಿದಳು. ಒಳಗೆ ತಿರುಗಿ ಗೋಡೆಯನ್ನು ನೋಡಿದಳು. ಏನೂ ಕೇಳದೆ ಏರು ಇಳಿದು ನಡೆದು ಹೋದಳು.

ಚಕ್ರ ತೆಗೆಯುವುದು ಅರ್ಧ ಕೆಲಸ ಮಾತ್ರ. ಉಳಿದರ್ಧ ಸಂಜೆಗೆ. ಅಪ್ಪಯ್ಯ ಅಂಗಳಕ್ಕೆ ಕುರ್ಚಿ ತರಿಸಿ, ಕಾಫಿ ಹಿಡಿದು ಕೂತು, ಚಕ್ರವನ್ನೂ ಬೆಂಕಿಪೊಟ್ಟಣವನ್ನೂ ಅಮ್ಮನ ಮುಂದಿಡಿಸಿದ.

'ಸೈಕಲ್ಲು ನಿಂದು. ನೀನೇ ಹಾಕಕ್ಕೆ ಕಲ್ತರೆ ಒಳ್ಳೇದು.'

ಅಮ್ಮನಿಗೆ ಸ್ಪ್ಯಾನರ್ ಹಿಡಿಯುವುದೂ ಗೊತ್ತಿರಲಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮಂಡಿಯೂರಿದಳು. ಅಪ್ಪಯ್ಯ ಹೇಗೆಂದು ಹೇಳಿಕೊಡುತ್ತಿರಲಿಲ್ಲ, ಹಾಗಲ್ಲ ಎಂದಷ್ಟೇ ಹೇಳುತ್ತಿದ್ದ. ಚಕ್ರ ಒಳಗೆ ಹೋದರೆ ಚೈನು ಹೊರಗೆ ಉಳಿಯಿತು. ಚೈನು ಹಲ್ಲಿಗೆ ಕೂತರೆ ಸ್ಟ್ಯಾಂಡು ಬಿಟ್ಟುಹೋಗಿತ್ತು. ಎಲ್ಲವೂ ಕೂತಿತು ಎಂದು ಅವಳು ನಟ್ಟು ಬಿಗಿದು ಹಣೆ ಒರೆಸಿಕೊಂಡಾಗ ಹಣೆಗೆಲ್ಲ ಗ್ರೀಸು ಮೆತ್ತಿತು. ಅಪ್ಪಯ್ಯ ಎದ್ದು ಬಂದು ಒಂದು ಬೆರಳಲ್ಲಿ ಚಕ್ರ ತಿರುಗಿಸಿ ಕಿವಿಗೊಟ್ಟ. ಬ್ರೇಕಿನ ರಬ್ಬರಿಗೆ ರಿಮ್ಮು ಎಲ್ಲೋ ಒಂದು ಕಡೆ ಸವರಿ ಸುಯ್ ಸುಯ್ ಎನ್ನುತ್ತಿತ್ತು.

'ಕೇಳ್ತಾ? ಓರೆ ಕೂತಿದೆ. ಬಿಚ್ಚು.'

ಬಿಚ್ಚಿದಳು. ಮತ್ತೆ ಹಾಕಿದಳು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು, ಅಪ್ಪಯ್ಯ ಅವರ ಜೊತೆ ಗದ್ದೆ ಕೊಯ್ಲಿನ ಮಾತಾಡಿದ. ಕೆಲಸ ಮುಗಿಯದೆ ಊಟವಿಲ್ಲ, ಯಾರಿಗೂ ಇಲ್ಲ. ಒಳಗೆ ಅನ್ನ ಆರುತ್ತಿತ್ತು, ಅಜ್ಜಿ ಒಲೆಯ ಮುಂದೆ ಕೂತು ತೂಕಡಿಸುತ್ತಿದ್ದಳು. ಕೊನೆಗೂ ಅಮ್ಮ ಒಳಗೆ ಬಂದು ಭತ್ತದ ಹೊಟ್ಟಿನಿಂದ ಕೈಯ ಗ್ರೀಸು ಉಜ್ಜಿಕೊಳ್ಳುತ್ತ ಮೂಗೆಳೆದಾಗ ಅಜ್ಜಿ ಹೇಳಿದ್ದು ನನಗೆ ನೆನಪಿದೆ.

'ಎಂಥಕ್ಕೆ ಅಳ್ತೀಯ? ನಿನ್ನ ಮಾವ ನಂಗೆ ನೊಗದ ಗೂಟದಲ್ಲಿ ಹೊಡೀತಿದ್ರು. ನನ್ನ ಮಗ ನಿನ್ನ ಮೈ ಮುಟ್ಟಿದಾನಾ?'

ಹೀಯಾಳಿಸಲು ಅಂದದ್ದಲ್ಲ ಅದು. ಅಜ್ಜಿ ನಿಜಕ್ಕೂ ಸಮಾಧಾನ ಹೇಳುತ್ತಿದ್ದಳು. ಅವಳ ಎಡಗಿವಿ ಕೇಳಿಸದೆ ಹೋದದ್ದು ಹೇಗೆಂದು ನಮಗೆಲ್ಲ ಗೊತ್ತಿತ್ತು. ತನ್ನ ಮಗ ಅಂಥವನಾಗಲಿಲ್ಲ ಎನ್ನುವುದು ಅವಳ ಬದುಕಿನ ದೊಡ್ಡ ಹೆಮ್ಮೆಯಾಗಿತ್ತು. ಅಮ್ಮ ಎಲ್ಲರಿಗೂ ಬಡಿಸಿದಳು. ಅನ್ನಕ್ಕೆ ಗ್ರೀಸಿನ ವಾಸನೆ ಬರುತ್ತಿತ್ತು. ಅಪ್ಪಯ್ಯ ಆ ದಿನ ಎರಡು ಸಲ ಹಾಕಿಸಿಕೊಂಡು ಉಂಡ.

ಆಮೇಲೆ ಇದು ಮನೆಯ ಒಂದು ಪದ್ಧತಿಯೇ ಆಗಿಹೋಯಿತು. ಕಂಡಕ್ಟರ್ ಹೇಳಿದ ಯಾವುದೋ ಮಾತಿಗೆ ಅಮ್ಮ ನಕ್ಕಿದ್ದು ಅಪ್ಪಯ್ಯನ ಕಿವಿಗೆ ಬಿದ್ದರೆ ಚಕ್ರ ಗೋಡೆಗೆ ಹೋಗುತ್ತಿತ್ತು. ಮೀಟಿಂಗಿಗೆಂದು ಕೊಪ್ಪಕ್ಕೆ ಹೋಗಿ ಬರಲು ಅವನಿಗಿಂತ ಮೊದಲು ಧಣಿಗಳ ಮನೆಯವರ ಹತ್ತಿರ ಮಾತಾಡಿದರೆ ಹೋಗುತ್ತಿತ್ತು. ಯಾವ ತಪ್ಪು ಎಂದು ಅವನು ಹೇಳುತ್ತಿರಲಿಲ್ಲ. ಅದನ್ನು ಕಂಡುಹಿಡಿಯುವ ಕೆಲಸವೂ ಅಮ್ಮನದೇ. ಏರು ಇಳಿದು ಬಾಳಗಡಿಗೆ ನಡೆಯುವ ದಾರಿಯಲ್ಲಿ ಅವಳು ಹಿಂದಿನ ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದಳಂತೆ. ಮುಂದೆ ಎಷ್ಟೋ ವರ್ಷಗಳ ಮೇಲೆ ಅವಳೇ ನನಗೆ ಹೇಳಿದಳು, ನಡೆಯುವುದು ಕಷ್ಟವಾಗುತ್ತಿರಲಿಲ್ಲ, ಹುಡುಕುವುದೇ ಕಷ್ಟ ಎಂದು.

ಆದರೆ ಕೈಗಳು ತಮ್ಮ ಪಾಡಿಗೆ ಕಲಿಯುತ್ತಿದ್ದವು. ವಾಷರ್ ಕೊಡುವವಳು ನಾನು, ಬಿಗಿಯುವವಳು ಅಮ್ಮ. ಚಕ್ರ ಹಿಂದಕ್ಕೆ ಎಳೆದು ಹಿಡಿದಾಗ ಚೈನು ಬೆರಳಿನ ದಪ್ಪದಷ್ಟು ಮೇಲೆ ಕೆಳಗೆ ಆಡಬೇಕು, ಹೆಚ್ಚು ಬಿಗಿದರೆ ಪೆಡಲ್ ಭಾರ, ಸಡಿಲ ಬಿಟ್ಟರೆ ಏರಿನಲ್ಲಿ ಕಳಚುತ್ತದೆ. ಎರಡೂ ಬದಿಯ ಪೈಪಿನಿಂದ ಟೈರಿಗೆ ಒಂದೇ ಅಂತರವಿದೆಯೇ ಎಂದು ಹೆಬ್ಬೆರಳಿಟ್ಟು ನೋಡಬೇಕು. ಒಂದು ನಟ್ಟನ್ನು ಪೂರಾ ಬಿಗಿದು ಇನ್ನೊಂದಕ್ಕೆ ಹೋಗಬಾರದು. ಯಾರೂ ಹೇಳಿಕೊಡದೆ, 'ಹಾಗಲ್ಲ' ಎಂಬ ಒಂದೇ ಮಾತಿನ ಸುತ್ತ ನಾವಿಬ್ಬರೂ ಇದನ್ನೆಲ್ಲ ಕಂಡುಕೊಂಡೆವು. ಅಮ್ಮನ ಹತ್ತಿರ ನಾನು ಅಷ್ಟು ಹೊತ್ತು ಕೂತದ್ದು ಅದಕ್ಕೆ ಮೊದಲು ಇರಲಿಲ್ಲ. ಅವಳ ಬೆವರಿನ ವಾಸನೆ, ತುಟಿ ಕಚ್ಚಿಕೊಂಡು ನಟ್ಟಿನ ಎಳೆ ಹುಡುಕುವ ಅವಳ ಮುಖ, ಎಲ್ಲ ನನಗೆ ಅಲ್ಲೇ ಪರಿಚಯವಾದದ್ದು.

ಒಂದು ಸಂಜೆ ಅಪ್ಪಯ್ಯನ ಕಾಫಿ ಮುಗಿಯುವುದಕ್ಕೆ ಮೊದಲೇ ಚಕ್ರ ಕೂತಿತು. ಅಮ್ಮ ತಾನೇ ಒಂದು ಬೆರಳಲ್ಲಿ ತಿರುಗಿಸಿದಳು. ಚಕ್ರ ನೀರು ಹರಿದ ಹಾಗೆ ತಿರುಗಿತು, ಎಲ್ಲೂ ಸವರಲಿಲ್ಲ. ನೀರಿನ ಕೊಡ ಹೊತ್ತು ಹೋಗುತ್ತಿದ್ದ ಪಕ್ಕದ ಮನೆಯ ಲಲಿತಕ್ಕ ಬೇಲಿಯ ಆಚೆ ನಿಂತು ನೋಡುತ್ತಿದ್ದವಳು, ಗಿರಿಜಾ ನೀನೊಂದು ಸೈಕಲ್ ಶಾಪ್ ಹಾಕು ಮಾರಾಯ್ತಿ, ಬಾಳಗಡಿಯವರೆಲ್ಲ ನಿನ್ನ ಹತ್ತಿರವೇ ಬರುತ್ತಾರೆ ಎಂದಳು. ಅಮ್ಮ ನಕ್ಕಳು. ನೆಂಟರ ಎದುರಿಗೆ ನಗುವ ನಗು ಅಲ್ಲ, ಹಲ್ಲು ಕಾಣುವ ಹಾಗೆ, ಹೊಟ್ಟೆಯಿಂದ. ನಾನೂ ನಕ್ಕೆ. ಅಪ್ಪಯ್ಯನೂ ನಕ್ಕ.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಸೈಕಲ್ಲಿಗೆ ಹಿಂದಿನ ಚಕ್ರ ಇರಲಿಲ್ಲ. ಗೋಡೆಯ ಮೇಲೂ ಇರಲಿಲ್ಲ. ಅಪ್ಪಯ್ಯ ಅದನ್ನು ಗೋಣಿಯಲ್ಲಿ ಸುತ್ತಿ ಸ್ಕೂಟರಿಗೆ ಕಟ್ಟಿಕೊಂಡು ಗಿರಣಿಗೆ ಒಯ್ದಿದ್ದ. ಸಂಜೆ ಬರಿಗೈಯಲ್ಲಿ ಬಂದ. ಮಾರನೆಯ ಸಂಜೆಯೂ ಹಾಗೇ. ಸೈಕಲ್ಲು ಚಾವಡಿಯ ಕಂಬಕ್ಕೆ ಒರಗಿ, ಹಿಂದಿನ ಎರಡು ಬರಿಯ ಪೈಪುಗಳನ್ನು ನೆಲಕ್ಕೂರಿ ಕೂತಿತ್ತು. ಅಮ್ಮ ನಡೆದು ಹೋದಳು, ನಡೆದು ಬಂದಳು. ಕೇಳಿದರೆ ಅವನು ಕೊಡುತ್ತಿದ್ದ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನು ಕಾಯುತ್ತಿದ್ದದ್ದೇ ಅದಕ್ಕೆ. ಊಟಕ್ಕೆ ಕೂತಾಗ ನಡುವೆ ಕೈ ನಿಲ್ಲಿಸಿ, ಈಗ ಕೇಳುತ್ತಾಳೋ ಎಂಬಂತೆ ಅವಳ ಮುಖ ನೋಡುತ್ತಿದ್ದ. ಅಮ್ಮ ಇನ್ನೊಂದು ಸಟ್ಟುಗ ಸಾರು ಹಾಕುತ್ತಿದ್ದಳು. ಅಜ್ಜಿ ಅವಳಿಗೆ ಬುದ್ಧಿ ಹೇಳಿದಳು, ಗಂಡನ ಹತ್ತಿರ ಒಂದು ಮಾತು ಕೇಳಿದರೆ ನಾಲಿಗೆ ಸವೆಯುತ್ತದಾ ಎಂದಳು. ಅಮ್ಮ ಕೇಳಲಿಲ್ಲ. ಬಿಸಿಲಿನ ದಿನಗಳು. ರಸ್ತೆಯ ಕೆಂಪು ಧೂಳು ಅವಳ ಹಿಮ್ಮಡಿಯ ಬಿರುಕುಗಳಲ್ಲಿ ತುಂಬಿ, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಬಾಲವಾಡಿಗೆ ತಡವಾಗಿ ಹೋಗಿ ಎರಡು ಸಲ ಮೇಲಿನವರಿಂದ ಬೈಸಿಕೊಂಡಳು.

ತಡೆಯಲಾರದೆ ಒಂದು ದಿನ ನಾನೇ ಕೇಳಿದೆ. ಅಪ್ಪಯ್ಯ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದ. ಅಮ್ಮನ ಕಾಲು ಒಡೆದಿದೆ, ಚಕ್ರ ತಂದುಕೊಡಿ ಎಂದೆ. ಅವನು ನೊರೆ ಬಳಿದ ಮುಖವನ್ನು ನನ್ನ ಕಡೆ ತಿರುಗಿಸಿ, ತಲೆ ಸವರಿದ.

'ನೀನು ಕೇಳದಲ್ಲ ಪುಟ್ಟಿ ಅದು.'

ಅಮ್ಮ ಬೇರೆ ದಾರಿ ಹುಡುಕಿದಳು. ನೆಮ್ಮಾರಿಗೆ ಹೇಳಿ ಕಳಿಸಿದಳು. ಮಂಜಪ್ಪ ಮಾವ ತನ್ನದೇ ಹಳೆಯ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ, ಶೃಂಗೇರಿಯಲ್ಲಿ ಬಸ್ಸು ಬದಲಿಸಿ, ಕೊಪ್ಪದಿಂದ ಅದನ್ನು ಹೆಗಲಿಗೆ ಹಾಕಿಕೊಂಡು ನಡೆದೇ ಬಂದ. ಒಂದು ಲೋಟ ಮಜ್ಜಿಗೆ ಕುಡಿದು, ಅಪ್ಪಯ್ಯ ಬರುವ ಮೊದಲೇ ಹೊರಟುಹೋದ. ಅವನಿಗೂ ಅಪ್ಪಯ್ಯನ ಮೆಲುದನಿ ಎಂದರೆ ಹೆದರಿಕೆ. ಆ ಚಕ್ರ ಗಂಡಸರ ಸೈಕಲ್ಲಿನದು, ಅಮ್ಮನ ಸೈಕಲ್ಲಿನದಕ್ಕಿಂತ ದೊಡ್ಡದು. ಒಳಗೆ ಕೂರಿಸಿದರೆ ಮಡ್‌ಗಾರ್ಡಿಗೆ ತಾಗುತ್ತಿತ್ತು. ಅಮ್ಮ ಮಡ್‌ಗಾರ್ಡನ್ನೇ ಬಿಚ್ಚಿ ಪಕ್ಕಕ್ಕಿಟ್ಟಳು. ಆಗ ಸ್ಕೂಟರ್ ಬಂತು. ಅಪ್ಪಯ್ಯ ಇಳಿದು, ನೋಡಿ, ಎಂದಿನಂತೆ ಕುರ್ಚಿ ತರಿಸಿ ಕೂತ. ಅಮ್ಮ ತಲೆ ಎತ್ತದೆ ಕೆಲಸ ಮಾಡಿದಳು. ಬ್ರೇಕಿನ ರಬ್ಬರು ಈ ರಿಮ್ಮಿಗೆ ಸರಿಹೊಂದುತ್ತಿರಲಿಲ್ಲ, ಒತ್ತಿದರೆ ಕಡ್ಡಿಗಳಿಗೆ ಸಿಕ್ಕುತ್ತಿತ್ತು. ಅವಳು ಹಿಂದಿನ ಬ್ರೇಕನ್ನು ಒಂದು ತಂತಿಯಿಂದ ಮೇಲಕ್ಕೆ ಎತ್ತಿ ಕಟ್ಟಿದಳು. ಮುಂದಿನ ಬ್ರೇಕ್ ಇದೆಯಲ್ಲ, ಸಾಕು ಎಂದು ನನಗೆ ಮೆಲ್ಲಗೆ ಹೇಳಿದಳು. ನಾನು ಅಪ್ಪಯ್ಯನ ಕಡೆ ನೋಡಿದೆ. ಅವನು ಈಗ 'ಹಾಗಲ್ಲ' ಎನ್ನುತ್ತಾನೆ, ಬಿಚ್ಚು ಎನ್ನುತ್ತಾನೆ ಎಂದು ಕಾದೆ. ಚೈನು ಕೊಂಚ ಬಿಗಿಯಾದರೂ ಹೇಳುವವನು, ಕೂದಲೆಳೆಯಷ್ಟು ಓರೆಯಾದರೂ ಕಿವಿಯಲ್ಲೇ ಕಂಡುಹಿಡಿಯುವವನು. ಕಟ್ಟಿದ ತಂತಿಯನ್ನು ಅವನು ನೋಡಿದ್ದನ್ನು ನಾನು ನೋಡಿದೆ. ಅವನು ಕಾಫಿಯ ಕೊನೆಯ ಗುಟುಕು ಕುಡಿದು, ಲೋಟವನ್ನು ನನ್ನ ಕೈಗೆ ಕೊಟ್ಟ.

'ಚೆನ್ನಾಗಿ ಕೂತಿದೆ.'

ಅಮ್ಮನಿಗೆ ಅವನಿಂದ ಸಿಕ್ಕ ಮೊದಲ ಹೊಗಳಿಕೆ ಅದು. ಅವಳ ಮುಖ ಕೆಂಪಾಯಿತು.

ಕೆಲವು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಏರಿನಲ್ಲಿ ಅವಳು ಇಳಿದು ತಳ್ಳಿಕೊಂಡು ಬರುತ್ತಿದ್ದಳು, ಇಳಿಜಾರಿನಲ್ಲಿ ಒಂದು ಕಾಲು ನೆಲಕ್ಕೆ ಸವರುತ್ತ ಹೋಗುತ್ತಿದ್ದಳು. ಆ ಬೆಳಿಗ್ಗೆ ರಸ್ತೆಗೆ ಹೊಸದಾಗಿ ಜಲ್ಲಿ ಸುರಿದಿದ್ದರು. ನಾನು ಶಾಲೆಗೆ ಹೊರಡಲು ಜಡೆ ಹೆಣೆದುಕೊಳ್ಳುತ್ತಿದ್ದಾಗ ಲಲಿತಕ್ಕ ಓಡಿಬಂದು, ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದಾಗ ಜಲ್ಲಿಯ ಮೇಲೆ ಚಕ್ರ ಜಾರಿ ಅಮ್ಮ ಬಿದ್ದಿದ್ದಾಳೆ ಎಂದಳು. ಏರಿನ ಬುಡದ ತಿರುವಿನಲ್ಲಿ, ಮೋರಿಯ ಕಲ್ಲಿನ ಪಕ್ಕ ಅವಳನ್ನು ಕೂರಿಸಿದ್ದರು. ಬಲಗೈ ಮೊಣಕೈಯಿಂದ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ಅವಳು ಅಳುತ್ತಿರಲಿಲ್ಲ. ಬಾಲವಾಡಿಯ ಬೀಗದ ಕೈಯನ್ನು ಎಡಗೈಯಲ್ಲಿ ನನ್ನತ್ತ ಚಾಚಿ, ಇದನ್ನು ಓಡಿಹೋಗಿ ಆಯಾಗೆ ಕೊಟ್ಟು ಬಾ, ಮಕ್ಕಳು ಬಿಸಿಲಲ್ಲಿ ನಿಂತಿರುತ್ತವೆ ಎಂದಳು. ನಾನು ಕೊಟ್ಟು ಬರುವಷ್ಟರಲ್ಲಿ ಅಪ್ಪಯ್ಯ ಯಾರದೋ ಜೀಪಿನಲ್ಲಿ ಅವಳನ್ನು ಕೊಪ್ಪಕ್ಕೆ ಕರೆದೊಯ್ದಿದ್ದ.

ಕಟ್ಟು ಹಾಕಿಸಿಕೊಂಡು ಅವಳು ಮನೆಗೆ ಬಂದ ದಿನವೇ ಗಿರಣಿಯಿಂದ ಅವಳ ಚಕ್ರವೂ ಬಂತು. ಅಪ್ಪಯ್ಯ ಅದನ್ನು ಬಟ್ಟೆಯಲ್ಲಿ ಒರೆಸಿ, ಕಡ್ಡಿಗಳಿಗೆ ಎಣ್ಣೆ ಸವರಿ, ಚಾವಡಿಯ ಮೊಳೆಗೆ ಹಾಕಿದ. ಅದರ ಕೆಳಗೇ ಅಮ್ಮನಿಗೆ ಹಾಸಿಗೆ ಹಾಸಿಸಿದ, ಒಳಗೆ ಗಾಳಿ ಇಲ್ಲ ಎಂದು. ನೋಡಲು ಬಂದವರಿಗೆಲ್ಲ ಚಕ್ರ ತೋರಿಸಿ, ನನ್ನ ಹತ್ತಿರ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು, ಹೆಂಗಸರಿಗೆ ಹಟ ಎನ್ನುತ್ತಿದ್ದ. ಬಂದವರು ಹೌದೌದು ಎಂದು ತಲೆಯಾಡಿಸುತ್ತಿದ್ದರು. ಮಧ್ಯಾಹ್ನ ಅವರ ಎದುರಿಗೇ ಅನ್ನ ಕಲಸಿ, ತುತ್ತು ಮಾಡಿ, ಅವನ ಕೈಯಾರೆ ಅಮ್ಮನ ಬಾಯಿಗಿಡುತ್ತಿದ್ದ. ಅಗುಳು ತುಟಿಗೆ ಅಂಟಿದರೆ ಪಂಚೆಯ ಚುಂಗಿನಲ್ಲಿ ಒರೆಸುತ್ತಿದ್ದ. ಲಲಿತಕ್ಕನಂಥ ಲಲಿತಕ್ಕನೂ ಇಂಥ ಗಂಡ ಸಿಗುವುದಕ್ಕೆ ಪುಣ್ಯ ಬೇಕು ಎಂದು ಕಣ್ಣು ಒರೆಸಿಕೊಂಡಳು. ಅಮ್ಮ ಬಾಯಿ ತೆರೆಯುತ್ತಿದ್ದಳು, ನುಂಗುತ್ತಿದ್ದಳು. ಅವಳ ಕಣ್ಣು ಮಾತ್ರ ತುತ್ತಿನ ಮೇಲೂ ಇರುತ್ತಿರಲಿಲ್ಲ, ಅವನ ಮೇಲೂ ಇರುತ್ತಿರಲಿಲ್ಲ. ಅವನು ಬನ್ನು ತಂದುಕೊಟ್ಟರೆ ನನಗೆ ತಿನ್ನಲಾಗುತ್ತಿರಲಿಲ್ಲ. ಬಚ್ಚಲ ಹಿಂದೆ ಹೋಗಿ ದನಕ್ಕೆ ಹಾಕಿ ಬರುತ್ತಿದ್ದೆ. ತಂತಿಯನ್ನು ಅವನು ನೋಡಿದ್ದು, ಚೆನ್ನಾಗಿ ಕೂತಿದೆ ಎಂದದ್ದು, ಇವೆರಡನ್ನು ಎಷ್ಟು ಸಲ ಬೇರೆ ಬೇರೆ ಇಟ್ಟು ನೋಡಿದರೂ ಅವು ನನ್ನೊಳಗೆ ಮತ್ತೆ ಒಂದೇ ಕಡೆ ಬಂದು ಕೂರುತ್ತಿದ್ದವು.

ಕಟ್ಟು ಬಿಚ್ಚಿದ ಮೇಲೂ ಕೈ ನೆಟ್ಟಗಾಗಲಿಲ್ಲ. ಲೋಟ ಎತ್ತಬಹುದಿತ್ತು, ಚಪಾತಿ ಲಟ್ಟಿಸಲಾಗದು. ಸ್ಪ್ಯಾನರ್ ಹಿಡಿದು ತಿರುಗಿಸುವುದಂತೂ ಮುಗಿದೇಹೋಯಿತು. ಸೊಂಟಕ್ಕೂ ಪೆಟ್ಟಾಗಿ ಅಷ್ಟು ದೂರ ನಡೆಯುವಂತಿರಲಿಲ್ಲ. ಕೆಲಸ ಬಿಟ್ಟುಬಿಡುತ್ತೇನೆಂದು ಅವಳೇ ಬರೆದುಕೊಡುತ್ತಾಳೆ ಎಂದು ಅಪ್ಪಯ್ಯ ಗಿರಣಿ ಧಣಿಗಳ ಮನೆಯವರಿಗೆ ಹೇಳಿ ಬಂದ. ಆ ಭಾನುವಾರ ಗಿರಣಿಯ ಇಬ್ಬರು ಗುಮಾಸ್ತರು ಊಟಕ್ಕೆ ಬಂದಿದ್ದರು. ಊಟವಾಗಿ ಅವರು ಚಾವಡಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದಾಗ ನಾನು ಸ್ಟೂಲು ತಂದಿಟ್ಟು ಹತ್ತಿ ಚಕ್ರವನ್ನು ಮೊಳೆಯಿಂದ ಇಳಿಸಿದೆ. ಯಾರೂ ನನಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಅಂಗಳದಲ್ಲಿ ಸೈಕಲ್ ತಿರುಗಿಸಿಟ್ಟು ಮಾವನ ಚಕ್ರ ತೆಗೆದೆ. ಕಟ್ಟಿದ್ದ ತಂತಿ ಬಿಚ್ಚಿ ಬ್ರೇಕನ್ನು ಇಳಿಸಿದೆ. ಅಮ್ಮನ ಚಕ್ರ ಕೂರಿಸಿ, ಚೈನು ಹಾಕಿ, ಮಡ್‌ಗಾರ್ಡು, ಕ್ಯಾರಿಯರ್, ಸ್ಟ್ಯಾಂಡು, ವಾಷರ್, ಎಲ್ಲ ಕ್ರಮವಾಗಿ ಏರಿಸಿ, ಇತ್ತ ಒಂದು ಸುತ್ತು ಅತ್ತ ಒಂದು ಸುತ್ತು ಬಿಗಿದೆ. ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದಳು. ಅಪ್ಪಯ್ಯ ಮಾತು ನಿಲ್ಲಿಸಿ ಎದ್ದು ಬಂದ. ಒಂದು ಬೆರಳಲ್ಲಿ ತಿರುಗಿಸಿ ಕಿವಿಗೊಟ್ಟ. ಚಕ್ರ ತಾನಾಗಿ ನಿಲ್ಲುವವರೆಗೆ ಅವನು ಬಗ್ಗಿಯೇ ಇದ್ದ. ತಪ್ಪು ಸಿಗಲಿಲ್ಲ. ಆದರೂ ಹೇಳಿದ.

'ಸರಿಯಾಗಿಲ್ಲ ಪುಟ್ಟಿ. ಬಿಚ್ಚಿ ಹಾಕು.'

'ಸರಿಯಾಗಿದೆ' ಎಂದೆ.

ಗುಮಾಸ್ತರಲ್ಲೊಬ್ಬ ನಕ್ಕ, ಮಗಳು ನಿಮ್ಮನ್ನೇ ಮೀರಿಸಿದಳಲ್ಲ ಎಂದ. ಅಪ್ಪಯ್ಯ ನಗಲಿಲ್ಲ. ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಸಿಟ್ಟು ಕಾಣಲಿಲ್ಲ. ಪೇಟೆಯಲ್ಲಿ ಗುರುತಿಲ್ಲದವರು ಎದುರಾದರೆ ನೋಡುವ ಹಾಗೆ ನೋಡಿದ, ಅಷ್ಟೇ. ಸೋಮವಾರ ನಾನು ಅಮ್ಮನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಎರಡೂ ಬ್ರೇಕ್ ಹಿಡಿದು ಏರು ಇಳಿದು ಬಾಲವಾಡಿಗೆ ಬಿಟ್ಟೆ. ಅವಳು ಹಿಂದಿನಿಂದ ಎಡಗೈಯಲ್ಲಿ ನನ್ನ ಸೊಂಟವನ್ನು ಗಟ್ಟಿಯಾಗಿ ಬಳಸಿ ಹಿಡಿದಿದ್ದಳು. ಅವಳು ಕೆಲಸ ಬಿಡಲಿಲ್ಲ. ಅಪ್ಪಯ್ಯ ಮತ್ತೆ ಚಕ್ರ ಬಿಚ್ಚಲೂ ಇಲ್ಲ.

ಅವನು ಬಿಟ್ಟದ್ದು ನನ್ನ ಜೊತೆ ಮಾತಾಡುವುದನ್ನು. ಮೊದಲ ಒಂದೆರಡು ದಿನ ನನಗೆ ತಿಳಿಯಲೇ ಇಲ್ಲ. ಸ್ಕೂಟರ್ ಸದ್ದಿಗೆ ಓಡಿದೆ, ಅವನು ನನ್ನನ್ನು ಬಳಸಿಕೊಂಡು ಒಳಗೆ ಹೋದ. ಬನ್ನು ನಿಂತುಹೋಯಿತು. ಊಟಕ್ಕೆ ಕೂತಾಗ, ಅವಳಿಗೆ ಮಜ್ಜಿಗೆ ಬೇಕಾ ಕೇಳು ಎಂದು ಅಜ್ಜಿಗೆ ಹೇಳುತ್ತಿದ್ದ. ನಾನು ಅವನ ಪಕ್ಕದಲ್ಲೇ ಕೂತಿರುತ್ತಿದ್ದೆ. ಅಜ್ಜಿ ಕೇಳಿಸುವ ಕಿವಿಯನ್ನು ಅವನ ಕಡೆ ಮಾಡಿ ಕೇಳಿಸಿಕೊಂಡು, ಮಜ್ಜಿಗೆ ಬೇಕಾ ಮಗಾ ಎಂದು ನನ್ನನ್ನು ಕೇಳುತ್ತಿದ್ದಳು. ಬೇಕು ಎಂದು ನಾನು ಅವಳಿಗೆ ಹೇಳಬೇಕು. ಪರೀಕ್ಷೆಯಲ್ಲಿ ಪಾಸಾದರೆ ಅವಳು ಪಾಸಾದಳಂತಾ ಎಂದು ಅಜ್ಜಿಯನ್ನು ಕೇಳುತ್ತಿದ್ದ. ಜ್ವರ ಬಂದು ಮಲಗಿದರೆ ರಾತ್ರಿ ಬಾಗಿಲಲ್ಲಿ ನಿಂತು ಹೇಗಿದ್ದಾಳೆ ಎಂದು ಅಮ್ಮನನ್ನು ಕೇಳಿ, ಹಣೆ ಮುಟ್ಟದೆ ಹೋಗುತ್ತಿದ್ದ. ಬೇಕಾದ ಪುಸ್ತಕ ಬಂತು, ಹಬ್ಬಕ್ಕೆ ಬಟ್ಟೆ ಬಂತು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ನನ್ನ ಹೆಸರನ್ನಾಗಲಿ ಪುಟ್ಟಿ ಎಂಬುದನ್ನಾಗಲಿ ಅವನ ಬಾಯಿಂದ ನಾನು ಮತ್ತೆ ಕೇಳಲಿಲ್ಲ, ಅವನು ಸಾಯುವವರೆಗೂ. ಅಮ್ಮನದು ಚಕ್ರ, ನನ್ನದು ದನಿ. ಯಾರಿಂದ ಏನು ತೆಗೆದರೆ ನೋಯುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅದೆಲ್ಲಕ್ಕಿಂತ ಹೆಚ್ಚು ನೋವಾದದ್ದು ಅಮ್ಮನಿಂದ. ಒಂದು ಸಂಜೆ ಬಾಲವಾಡಿಯಿಂದ ಬರುತ್ತ, ಏರಿನಲ್ಲಿ ನಾನು ಸೈಕಲ್ ತಳ್ಳುತ್ತಿದ್ದಾಗ ಕ್ಯಾರಿಯರ್ ಹಿಡಿದು ನಿಧಾನ ನಡೆಯುತ್ತಿದ್ದ ಅವಳು ನಿಂತಳು.

'ಒಂದ್ಸಲ ತಪ್ಪಾಯ್ತು ಅಂದ್ಬಿಡೇ. ಮನೇಲಿ ಎಲ್ಲ ಸರಿಹೋಗ್ತದೆ.'

'ನೀನು ಚಕ್ರ ಕೇಳಿದ್ಯಾ?'

ಅಮ್ಮ ಸೊಟ್ಟಗಾದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಮುಂದೆ ನಡೆದಳು. ನಾನು ತಪ್ಪಾಯಿತೆಂದು ಹೇಳಲಿಲ್ಲ. ಅವಳೂ ಮತ್ತೆ ಹೇಳೆನ್ನಲಿಲ್ಲ. ಆದರೆ ಅಂದಿನಿಂದ ಅಪ್ಪಯ್ಯ ಅಜ್ಜಿ ಇಲ್ಲದ ಹೊತ್ತಿನಲ್ಲಿ ಅಮ್ಮನ ಮೂಲಕ ನನಗೆ ಹೇಳಿಸುತ್ತಿದ್ದದ್ದನ್ನು ಅವಳು ಮಾತು ಬದಲಿಸದೆ, ಅಪ್ಪಯ್ಯನ ದನಿಯಲ್ಲೇ ಎಂಬಂತೆ ನನಗೆ ದಾಟಿಸುತ್ತಿದ್ದಳು. ಮನೆಯಲ್ಲಿ ನಾನು ಒಬ್ಬಳೇ ಆದೆ. ಒಬ್ಬಳೇ ಇರುವುದಕ್ಕೆ ನಾನು ಕಲಿತದ್ದು ಆಗಲೇ, ಮುಂದೆ ಎಷ್ಟು ಜನರ ನಡುವೆ ಇದ್ದರೂ ಆ ಅಭ್ಯಾಸ ಹೋಗಲಿಲ್ಲ.

ನಾನು ಪಿಯುಸಿ ಓದುತ್ತಿದ್ದಾಗ ಅಜ್ಜಿ ಹೋದಳು. ಗಂಡಸರು ಸುಟ್ಟು ಬಂದು ಮಿಂದು ತಮ್ಮ ತಮ್ಮ ಮನೆಗೆ ಹೋದರು. ಅಪ್ಪಯ್ಯನ ಸ್ನಾನವಾಯಿತು, ಅಮ್ಮನದಾಯಿತು. ಲಲಿತಕ್ಕ ತನ್ನ ಮನೆಯಿಂದ ಅನ್ನ ಸಾರು ಮಾಡಿ ತಂದಿಟ್ಟಿದ್ದಳು. ಅಜ್ಜಿ ಮಲಗಿದ್ದ ಜಾಗ ಸಾರಿಸಿ, ಅವಳ ಹಾಸಿಗೆ ಹೊರಗೆ ಹಾಕಿ ಬರುವಾಗ ನಾನೊಬ್ಬಳೇ ಮೀಯದೆ ಉಳಿದಿದ್ದೆ. ನಾನು ಮಿಂದು ಬರದೆ ಯಾರೂ ಉಣ್ಣುವಂತಿರಲಿಲ್ಲ. ಬಚ್ಚಲ ಬಾಗಿಲಲ್ಲಿ ಅಮ್ಮ ಎಡಗೈಯಲ್ಲಿ ಹಂಡೆಯ ಒಲೆಗೆ ಸೌದೆ ನೂಕುತ್ತಿದ್ದಳು. ನಾನು ಕೈ ಒರೆಸಿಕೊಳ್ಳುತ್ತ ಅವಳ ಪಕ್ಕ ನಿಂತೆ. ಅಪ್ಪಯ್ಯ ಒದ್ದೆ ತಲೆಯಲ್ಲಿ ಬಂದು ನಮ್ಮಿಬ್ಬರ ಎದುರಿಗೆ ನಿಂತ. ಅತ್ತು ಅವನ ಕಣ್ಣು ಕೆಂಪಾಗಿತ್ತು. ಅವನನ್ನು ಹಾಗೆ ನೋಡಿದ್ದು ಅದೇ ಮೊದಲು, ಈಗಲಾದರೂ ಮಾತಾಡುತ್ತಾನೆ ಎಂದು ಅವನ ಮುಖವನ್ನೇ ನೋಡಿದೆ. ಅವನು ಅಮ್ಮನ ಕಡೆ ತಿರುಗಿದ.

'ನೀರು ಕಾದಿದೆ, ಮಿಂದ್ಕೊಂಡ್ ಬರಕ್ಕೆ ಹೇಳು ಅವಳಿಗೆ.'

ಅಮ್ಮ ಸೌದೆಯನ್ನು ಕೆಳಗಿಟ್ಟಳು. ಎದ್ದು ನಿಂತಳು.

'ಇಲ್ಲೇ ನಿಂತಿದಾಳಲ್ಲ. ನೀವೇ ಹೇಳಿ.'

ಅಪ್ಪಯ್ಯ ಅವಳನ್ನು ನೋಡಿದ. ಅವಳು ಮುಖ ತಿರುಗಿಸಲಿಲ್ಲ. ಆಮೇಲೆ ನನ್ನನ್ನು ನೋಡಿದ, ನನ್ನ ಕೂದಲು, ಹಣೆ, ಕೆಸರಾದ ಕೈ, ಒಂದೊಂದನ್ನೇ. ಒಂದೇ ಒಂದು ಮಾತು, ಹೋಗು ಎಂದಿದ್ದರೂ ಸಾಕಿತ್ತು. ಅವನು ತಿರುಗಿ ಚಾವಡಿಗೆ ಹೋಗಿ ಕೂತ. ಅಮ್ಮ ನನಗೆ ಏನೂ ದಾಟಿಸಲಿಲ್ಲ. ನಾನೂ ಒಳಗೆ ಹೋಗಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ, ಅವಳು ಪಕ್ಕದಲ್ಲಿ ನಿಂತಳು. ಒಲೆಯ ಕೆಂಡ ಬೂದಿಯಾಯಿತು, ಹಂಡೆಯ ಮೇಲಿನ ಹಬೆ ನಿಂತಿತು. ಒಳಗಿನಿಂದ ಯಾರೂ ಬರಲಿಲ್ಲ. ಬಿಸಿಲು ಹಿತ್ತಿಲ ಬೇಲಿ ದಾಟಿದ ಮೇಲೆ ನಾನು ಎದ್ದು ಹೋಗಿ ಆ ತಣ್ಣೀರಿನಲ್ಲೇ ತಲೆ ಮಿಂದೆ.

ಅಡಿಗೆಮನೆಗೆ ಬಂದಾಗ ಅಮ್ಮ ಮೂರು ಎಲೆ ಹಾಕಿದ್ದಳು. ಎಡಗೈಯಲ್ಲಿ ಪಾತ್ರೆ ಸೊಂಟಕ್ಕೆ ಆನಿಸಿಕೊಂಡು, ಸೊಟ್ಟಗಾದ ಬಲಗೈಯಲ್ಲಿ ಸಟ್ಟುಗ ಹಿಡಿದು, ಅನ್ನವನ್ನು ಮೊದಲು ನನ್ನ ಎಲೆಗೆ ಬಡಿಸಿದಳು. ಅಪ್ಪಯ್ಯ ತನ್ನ ಸರದಿ ಬರುವವರೆಗೆ ಖಾಲಿ ಎಲೆಯ ಮುಂದೆ ಕಾದು ಕೂತಿದ್ದ.